ಚರಂಡಿಯ ಕೊನೆಯಲ್ಲಿ ಹಳ್ಳ: ಗ್ರಾಮಗಳ ಬೂದು ನೀರು ನಿರ್ವಹಣೆ

(ಗ್ರಾಮ ಪಂಚಾಯಿತಿ ಸದಸ್ಯರು ಹಾಗೂ ಸಿಬ್ಬಂದಿಗಾಗಿ ಅಧ್ಯಯನ ಲೇಖನ)

ಜಲ ಜೀವನ್ ಮಿಷನ್ 2019ರಲ್ಲಿ ಆರಂಭವಾದ ತರುವಾಯ ಗ್ರಾಮೀಣ ಮನೆಗಳಿಗೆ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಒದಗಿಸುವ ಗುರಿ ಹೊಂದಲಾಗಿದೆ. ಹೀಗೆ ಬಂದ ನೀರಿನ ಬಹುಪಾಲು ಅಡುಗೆಮನೆ, ಬಚ್ಚಲು ಮತ್ತು ಬಟ್ಟೆ ಒಗೆಯುವ ಕಲ್ಲಿನಿಂದ ಬೂದು ನೀರಾಗಿ ಹೊರಬರುತ್ತದೆ. ಚರಂಡಿ ನಿರ್ಮಿಸಿದರೆ ಬೀದಿ ಸ್ವಚ್ಛವಾಗುತ್ತದೆ. ಕಲ್ಮಶ ಮಾತ್ರ ನಾಶವಾಗದೆ ಹಳ್ಳವನ್ನು ಸೇರುತ್ತದೆ. ಇಂತಹ ಹಳ್ಳಗಳೇ ವೇದಾವತಿಯನ್ನು, ವೇದಾವತಿಯು ತುಂಗಭದ್ರೆಯನ್ನು, ತುಂಗಭದ್ರೆಯು ಕೃಷ್ಣೆಯನ್ನು ಸೇರುತ್ತವೆ.

1. ಹಳ್ಳದ ಮೇಲಿನ ಹೊರೆ

ಉದಾಹರಣೆಗೆ, 2,000 ಜನಸಂಖ್ಯೆಯ ಗ್ರಾಮಕ್ಕೆ ದಿನಕ್ಕೆ 1,10,000 ಲೀಟರ್ ನೀರು ಸರಬರಾಜಾಗುತ್ತದೆ ಎಂದುಕೊಳ್ಳೋಣ. ಅದರಲ್ಲಿ ಶೇ. 70 ಬೂದು ನೀರಾದರೆ 77,000 ಲೀಟರ್. ಇದರ ಜೈವಿಕ ಆಮ್ಲಜನಕ ಬೇಡಿಕೆಯನ್ನು ಲೀಟರಿಗೆ 150 ಮಿ.ಗ್ರಾಂ ಎಂದು ಹಿಡಿದರೆ, ದಿನಕ್ಕೆ ಸುಮಾರು 11.5 ಕಿ.ಗ್ರಾಂ ಆಮ್ಲಜನಕ ಬೇಕಾಗುತ್ತದೆ. ಶುದ್ಧ ಹರಿವಿನ ನೀರಿನಲ್ಲಿ ಲೀಟರಿಗೆ ಸುಮಾರು 8 ಮಿ.ಗ್ರಾಂ ಆಮ್ಲಜನಕ ಕರಗಿರುತ್ತದೆ. ಅಂದರೆ, 14 ಲಕ್ಷ ಲೀಟರಿಗೂ ಹೆಚ್ಚು ನೀರಿನಲ್ಲಿರುವಷ್ಟು ಆಮ್ಲಜನಕವನ್ನು ಒಂದು ಗ್ರಾಮದ ಒಂದು ದಿನದ ಬಚ್ಚಲು ನೀರು ಕಬಳಿಸಬಲ್ಲದು.

ಮಳೆಗಾಲದಲ್ಲಿ ಹಳ್ಳವು ಈ ಹೊರೆಯನ್ನು ತಾಳಿಕೊಂಡೀತು. ಬೇಸಿಗೆಯಲ್ಲಿ ಅನೇಕ ಹಳ್ಳಗಳಲ್ಲಿ ಹರಿಯುವುದೇ ಚರಂಡಿ ನೀರು. ಸಾಬೂನು ಪುಡಿಯ ರಂಜಕದಿಂದ ಪಾಚಿ, ಅಂತರಗಂಗೆ ಬೆಳೆಯುತ್ತವೆ. ತಳದಲ್ಲಿ ಕೆಸರು ಕೊಳೆಯುತ್ತದೆ. ದಡದ ಕುಡಿಯುವ ನೀರಿನ ಬಾವಿ ಅಪಾಯಕ್ಕೀಡಾಗುತ್ತದೆ. ಮೇಲಿನ ಊರಿನ ಚರಂಡಿಯ ಕೊನೆಯೇ ಕೆಳಗಿನ ಊರಿನ ನೀರಿನ ಆರಂಭ.

2. ಮೊದಲ ಹೆಜ್ಜೆ ಮನೆಯಲ್ಲಿ

ಜಾಗವಿರುವ ಪ್ರತಿ ಮನೆಯಲ್ಲಿ ಬಚ್ಚಲುಗುಂಡಿ ಅಥವಾ ಕೈತೋಟಕ್ಕೆ ಆದ್ಯತೆ ನೀಡತಕ್ಕದ್ದು. ಗುಂಡಿಯು ಕುಡಿಯುವ ನೀರಿನ ಮೂಲದಿಂದ ಸಾಮಾನ್ಯವಾಗಿ 30 ಮೀಟರ್ ದೂರವಿರುವುದು ಕ್ಷೇಮ. ಎರೆಭೂಮಿಯಲ್ಲಿ ನೀರು ಇಂಗುವುದು ನಿಧಾನ. ಅಲ್ಲಿ ಇಂಗುವಿಕೆಯನ್ನು ಪರೀಕ್ಷಿಸದೆ ಅಂದಾಜುಪಟ್ಟಿ ತಯಾರಿಸುವುದು ಸೂಕ್ತವಲ್ಲ. ಶೌಚಾಲಯದ ಸೆಪ್ಟಿಕ್ ಟ್ಯಾಂಕಿನ ಹೊರಹರಿವನ್ನು ಚರಂಡಿಗೆ ಜೋಡಿಸಿದಲ್ಲಿ ಅದು ಬೂದು ನೀರಾಗಿ ಉಳಿಯುವುದಿಲ್ಲ.

3. ಉಳಿದ ನೀರಿಗೆ ಕೊಳ

ಉಳಿದ ನೀರು ಜಾಲರಿ ಮತ್ತು ಹೂಳುತೊಟ್ಟಿಯನ್ನು ದಾಟಿ ಸ್ಥಿರೀಕರಣ ಕೊಳವನ್ನು ಸೇರಬೇಕು. ಅಲ್ಲಿ ಪಾಚಿ ಉತ್ಪಾದಿಸುವ ಆಮ್ಲಜನಕದಿಂದ ಸೂಕ್ಷ್ಮಜೀವಿಗಳು ಕಲ್ಮಶವನ್ನು ಜೀರ್ಣಿಸುತ್ತವೆ, ವಿದ್ಯುತ್ ಬೇಕಿಲ್ಲ. ಹತ್ತು ದಿನ ನೀರು ನಿಲ್ಲಬೇಕು, ಆಳ 1.5 ಮೀಟರ್ ಎಂದು ಲೆಕ್ಕ ಹಾಕಿದರೆ, 77,000 ಲೀಟರಿಗೆ ಸುಮಾರು ಐದು ಗುಂಟೆ ಜಾಗ ಬೇಕು. ಬೂದು ನೀರಿನ ಅರ್ಧ ಭಾಗವು ಮನೆಯಂಗಳದಲ್ಲೇ ಇಂಗಿದರೆ ಎರಡೂವರೆ ಗುಂಟೆ ಸಾಕು. ಸ್ವಚ್ಛ ಭಾರತ್ ಮಿಷನ್ (ಗ್ರಾಮೀಣ) ಎರಡನೇ ಹಂತದ ಮಾರ್ಗಸೂಚಿಯಲ್ಲಿ 5,000ದವರೆಗಿನ ಜನಸಂಖ್ಯೆಯ ಗ್ರಾಮಕ್ಕೆ ಬೂದು ನೀರು ನಿರ್ವಹಣೆಗೆ ತಲಾ 280 ರೂ. ಮಿತಿಯಿದೆ, ಈ ಗ್ರಾಮಕ್ಕೆ ಅದು 5.60 ಲಕ್ಷ ರೂ. ಆದ್ದರಿಂದ ಬಚ್ಚಲುಗುಂಡಿಯು ಕೊಳದ ವೆಚ್ಚವನ್ನೂ ತಗ್ಗಿಸುವ ಕಾಮಗಾರಿ.

4. ನಿರ್ವಹಣೆ

ಜಾಲರಿಯ ಕಸವನ್ನು ತೆಗೆಯದಿದ್ದರೆ ನೀರು ಕೊಳವನ್ನು ಬಳಸಿ ನೇರವಾಗಿ ಹಳ್ಳಕ್ಕೆ ಹರಿಯುತ್ತದೆ. ಕಾಮಗಾರಿ ಪೂರ್ಣಗೊಂಡ ದಿನವೇ ಜಾಲರಿ, ಹೂಳು, ದಂಡೆಯ ಕಳೆ ಇವುಗಳ ಹೊಣೆ ಯಾರದೆಂಬುದನ್ನೂ ಅದಕ್ಕೆ ತಗಲುವ ವಾರ್ಷಿಕ ವೆಚ್ಚವನ್ನೂ ಗ್ರಾಮ ಪಂಚಾಯಿತಿ ಸಭೆಯಲ್ಲಿ ನಿರ್ಣಯಿಸುವುದು.

ಅಭ್ಯಾಸ

ತಮ್ಮ ಗ್ರಾಮದ ಪ್ರತಿಯೊಂದು ಚರಂಡಿಯ ಕೊನೆಯವರೆಗೆ ನಡೆದು, ಅದು ಸೇರುವ ಹಳ್ಳವನ್ನೂ ಅಲ್ಲಿಂದ ಕೆಳಗಿನ ಮೊದಲ ಕುಡಿಯುವ ನೀರಿನ ಮೂಲವನ್ನೂ ನಕ್ಷೆಯಲ್ಲಿ ಗುರುತಿಸಿ. ಮೇಲಿನ ಲೆಕ್ಕವನ್ನು ತಮ್ಮ ಜನಸಂಖ್ಯೆಗೆ ಅನ್ವಯಿಸಿ, ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಿ.