ಏನೂ ಇಲ್ಲ ಅಂದರು, ಆದರೆ ಕಿವಿ ಬಿಡುತ್ತಿಲ್ಲ

ಪ್ರಶ್ನೆ: ನನಗೆ ನಲವತ್ತೆರಡು ವರ್ಷ. ಕೊಳ್ಳೇಗಾಲದ ಹತ್ತಿರದ ಹಳ್ಳಿಯವಳು. ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿ ಕೆಲಸ. ಯುಗಾದಿ ಹೊತ್ತಿಗೆ ನೆಗಡಿ ಬಂತು. ನೆಗಡಿ ಹೋಯಿತು, ಬಲಗಿವಿ ಕಟ್ಟಿಕೊಂಡದ್ದು ಮಾತ್ರ ಆಷಾಢ ಬಂದರೂ ಬಿಟ್ಟಿಲ್ಲ. ಒಳಗಿನಿಂದ ಒತ್ತುತ್ತದೆ, ಮಾತೆಲ್ಲ ದೂರದಿಂದ ಕೇಳುತ್ತದೆ, ರಾತ್ರಿ ಸಣ್ಣಗೆ ಗುಂಯ್ ಅನ್ನುತ್ತದೆ. ಡಾಕ್ಟರು ಲೈಟು ಬಿಟ್ಟು ನೋಡಿ ‘ಏನೂ ಇಲ್ಲ’ ಅಂದರು. ಮಾದಪ್ಪನ ಬೆಟ್ಟಕ್ಕೆ ಹೋಗಿದ್ದೆವು, ಬಸ್ಸು ಇಳಿಯುವಾಗ ಕಿವಿ ಹಿಡಿದುಕೊಂಡು ಅತ್ತುಬಿಟ್ಟೆ. ಮನೆಯಲ್ಲಿ ‘ಎಷ್ಟು ಸಲ ಹೇಳಬೇಕು ನಿಂಗೆ’ ಅಂತಾರೆ. ನಮ್ಮತ್ತೆಗೆ ಕೊನೆಗಾಲದಲ್ಲಿ ಕಿವಿ ಕೇಳುತ್ತಿರಲಿಲ್ಲ. ನಾವೆಲ್ಲ ಎಷ್ಟು ಆಡಿಕೊಂಡಿದ್ದೆವು. ಅದೇ ನನಗೂ ಬರುತ್ತಾ? ನಿದ್ದೆ ಇಲ್ಲ. ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕಿಲ್ಲ. ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಅದರಲ್ಲಿ ಕಿವಿಯ ನೋವು ಎಷ್ಟಿದೆಯೋ ಅತ್ತೆಯವರ ನೆನಪಿನ ನೋವೂ ಅಷ್ಟೇ ಇದೆ. ಎರಡಕ್ಕೂ ಉತ್ತರ ಬರೆಯುತ್ತೇನೆ. ನಾನು ಆಪ್ತಸಮಾಲೋಚಕಿ, ಕಿವಿಯ ವೈದ್ಯೆಯಲ್ಲ. ನಿಮ್ಮ ಕಿವಿಯಲ್ಲಿ ಏನಾಗಿದೆ ಎಂದು ಇಲ್ಲಿ ಕೂತು ಹೇಳಲಾರೆ. ಅದನ್ನು ಯಾರಲ್ಲಿ ಕೇಳಬೇಕು, ಕೇಳುವವರೆಗೆ ಮನಸ್ಸನ್ನು ಹೇಗೆ ಹಿಡಿದುಕೊಳ್ಳಬೇಕು ಎಂಬುದನ್ನು ಹೇಳಬಲ್ಲೆ.

ಮೊದಲು ಒಂದು ಮಾತು. ಇದು ನಿಮ್ಮ ಭ್ರಮೆಯಲ್ಲ, ಸೋಗೂ ಅಲ್ಲ. ಕಾಲಿಗೆ ಪಟ್ಟಿ ಕಟ್ಟಿದ್ದರೆ ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಾರೆ. ಕಿವಿ ಕಟ್ಟಿಕೊಂಡವರ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ, ಬೀಳುವುದು ಅವರು ಕೊಡುವ ತಪ್ಪು ಉತ್ತರ ಮಾತ್ರ. ಆಗ ‘ಗ್ಯಾನ ಎಲ್ಲಿ ಮಡಗಿದ್ದೀಯ’ ಎಂಬ ಮಾತು ಬರುತ್ತದೆ. ದಿನವಿಡೀ ಕಿವಿ ಕೊಟ್ಟು ಕೇಳಿ ಕೇಳಿ ಸಂಜೆಗೆ ತಲೆ ಭಾರವಾಗುವುದು, ಸಿಟ್ಟು ಬರುವುದು, ಅಳು ಬರುವುದು, ಇದೆಲ್ಲ ಇಂಥ ತೊಂದರೆ ಇರುವವರಿಗೆ ಆಗುವಂಥದ್ದೇ.

ಇನ್ನು ಡಾಕ್ಟರ ‘ಏನೂ ಇಲ್ಲ’. ಈ ಎರಡು ಪದಗಳನ್ನು ನಮ್ಮ ವೈದ್ಯರು ಸ್ವಲ್ಪ ಕಡಿಮೆ ಬಳಸಿದರೆ ಚೆನ್ನ ಎಂದು ನನಗೆ ಬಹಳ ಸಲ ಅನ್ನಿಸಿದೆ. ಲೈಟು ಬಿಟ್ಟು ನೋಡಿದಾಗ ಕಾಣುವುದು ಹೊರಗಿವಿಯ ಕೊಳವೆ ಮತ್ತು ತಮಟೆ. ಗುಗ್ಗೆ ತುಂಬಿಲ್ಲ, ಕೀವು ಇಲ್ಲ, ತಮಟೆ ತೂತಾಗಿಲ್ಲ ಎಂದರೆ ಅವರ ಪಾಲಿಗೆ ‘ಏನೂ ಇಲ್ಲ’. ಅದು ಅವರು ನೋಡಿದಷ್ಟರ ಮಟ್ಟಿಗೆ ನಿಜ. ಆದರೆ ತಮಟೆಯ ಹಿಂದೆ ಗಾಳಿ ಸರಿಯಾಗಿ ಆಡುತ್ತಿದೆಯೇ, ಅದಕ್ಕೂ ಒಳಗಿನ ನರ ಕೆಲಸ ಮಾಡುತ್ತಿದೆಯೇ ಎಂಬುದು ಲೈಟಿಗೆ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು. ನಿಮಗೆ ಆ ಪರೀಕ್ಷೆ ಇನ್ನೂ ಆಗಿಲ್ಲ. ಹಾಗಾಗಿ ‘ಕಿವುಡಿಯಾಗುತ್ತೇನಾ’ ಎಂಬ ಪ್ರಶ್ನೆಗೆ ಈವರೆಗೆ ಯಾರೂ ಹೌದು ಅಂದಿಲ್ಲ. ಆ ಉತ್ತರವನ್ನು ರಾತ್ರಿ ಹೊತ್ತು ನಿಮಗೆ ನೀವೇ ಕೊಟ್ಟುಕೊಳ್ಳುತ್ತಿದ್ದೀರಿ, ಅಷ್ಟೇ.

ತಮಟೆಯ ಹಿಂದೆ ಒಂದು ಪುಟ್ಟ ಗಾಳಿಗೂಡು ಇದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ನಾಳ ಇಳಿಯುತ್ತದೆ, ಹೆಸರು ಯೂಸ್ಟೇಶಿಯನ್ ನಾಳ. ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುವ ಅದು ನಾವು ಎಂಜಲು ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು ಒಳಗಿನ ಗಾಳಿಯನ್ನೂ ಹೊರಗಿನ ಗಾಳಿಯನ್ನೂ ಸರಿದೂಗಿಸುತ್ತದೆ. ನೆಗಡಿಯಲ್ಲೋ ಅಲರ್ಜಿಯಲ್ಲೋ ನಾಳದ ಬಾಯಿ ಊದಿಕೊಂಡರೆ ಈ ತೆರೆಯುವ ಕೆಲಸ ನಿಲ್ಲುತ್ತದೆ. ಒಳಗಿದ್ದ ಗಾಳಿಯನ್ನು ಗೂಡಿನ ಒಳಪದರ ಹೀರಿಕೊಳ್ಳುತ್ತದೆ, ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಕೆಲವರಿಗೆ ಹಿಂದೆ ನೀರೂ ಸೇರುತ್ತದೆ. ಮಳೆಗೆ ನೆಂದ ತಮಟೆಯನ್ನು ಬಾರಿಸಿ ನೋಡಿದವರಿಗೆ ಗೊತ್ತು, ಎಷ್ಟು ಬಡಿದರೂ ಸದ್ದು ಮೊಂಡು. ಅದನ್ನು ಯಾರೂ ಒಡೆದುಹೋಯಿತು ಎನ್ನುವುದಿಲ್ಲ, ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ನಿಮ್ಮ ಕಿವಿಯದೂ ಇದೇ ಜಾತಿಯ ತೊಂದರೆ ಇರಬಹುದು. ‘ಇರಬಹುದು’ ಎಂದೇ ಬರೆಯುತ್ತಿದ್ದೇನೆ.

ಬೆಟ್ಟದ ಬಸ್ಸಿನಲ್ಲಿ ಆದದ್ದು ಇದಕ್ಕೆ ಹೊಂದುತ್ತದೆ. ತಾಳಬೆಟ್ಟ ದಾಟಿ ಮೇಲೇರುವಾಗ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ತಾನಾಗಿ ಹೊರಬರಲು ಅಷ್ಟು ಕಷ್ಟವಿಲ್ಲ. ಇಳಿಯುವಾಗ ಹಾಗಲ್ಲ. ಹೊರಗಿನ ಗಾಳಿ ಒಳಗೆ ಹೋಗಲೇಬೇಕು, ನಾಳವನ್ನು ಸ್ನಾಯು ಎಳೆದು ತೆರೆಯಲೇಬೇಕು. ಅದಕ್ಕೇ ಹತ್ತುವಾಗ ಎಲ್ಲರ ಜೊತೆ ‘ಉಘೇ ಮಾದಪ್ಪ’ ಅಂದವರು ಇಳಿಯುವಾಗ ಕಿವಿ ಹಿಡಿದುಕೊಳ್ಳುವುದು. ಬಿಳಿಗಿರಿರಂಗನ ಬೆಟ್ಟದಿಂದ ಯಳಂದೂರಿಗೆ ಇಳಿಯುವವರಿಗೂ ಹೀಗೇ ಆಗುತ್ತದೆ. ಇದು ಮಾದಪ್ಪನ ಮುನಿಸಲ್ಲ. ನೀವು ಹಾಗೆ ಬರೆದಿಲ್ಲ ನಿಜ, ಆದರೆ ಯಾರಾದರೂ ಹಾಗೆ ಅಂದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಒಂದು ವಿಷಯವನ್ನು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಬೇಕು, ಅವರು ಕೇಳದೆ ಇರಬಹುದು. ನಿಮ್ಮ ಕೆಲಸ. ಗೂಡು ಬೇಯಿಸುವ ಬಿಸಿನೀರಿನ ಹಬೆ, ಸತ್ತ ಹುಳುವಿನ ವಾಸನೆ, ಗಾಳಿಯಲ್ಲಿ ತೇಲುವ ರೇಷ್ಮೆ ಮತ್ತು ಹುಳುವಿನ ಅಂಶ ಕೆಲವರಿಗೆ ಒಗ್ಗುವುದಿಲ್ಲ. ರೇಷ್ಮೆ ಫಿಲೇಚರ್ ಕಾರ್ಮಿಕರಲ್ಲಿ ಇದರಿಂದ ದಮ್ಮು ಬರುತ್ತದೆ ಎಂಬುದು 1980ರ ದಶಕದಲ್ಲೇ ಅಧ್ಯಯನದಿಂದ ಗೊತ್ತಾಗಿದೆ. ಮೂಗಿನ ಅಲರ್ಜಿಯೂ ಅದರ ಜೊತೆಯದ್ದೇ. ಕೆಲಸಕ್ಕೆ ಹೋದ ದಿನ ಸೀನು, ಮೂಗು ಸೋರುವುದು, ಕಣ್ಣು ಕೆರೆತ ಹೆಚ್ಚೇ? ರಜೆಯ ದಿನ ಕಿವಿ ಸ್ವಲ್ಪ ಹಗುರವೇ? ಎರಡು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಹೆಚ್ಚು ಅನ್ನಿಸಿದ ದಿನ ಒಂದು ಗೀಟು, ಸಾಕು. ಆ ಹಾಳೆ ವೈದ್ಯರಿಗೆ ನಿಮ್ಮ ಮಾತಿಗಿಂತ ಹೆಚ್ಚು ಹೇಳುತ್ತದೆ. ಕೆಲಸ ಬಿಡಿ ಎಂದು ನಾನು ಹೇಳುತ್ತಿಲ್ಲ, ಒಲೆಯಲ್ಲಿ ಬೆಂಕಿ ಉರಿಯಬೇಕು ಎಂಬುದು ನನಗೂ ಗೊತ್ತು. ಕಿಟಕಿ ಕಡೆಯ ಜಾಗ ಕೇಳಿ, ಮೂಗಿಗೆ ಬಟ್ಟೆಯ ಬದಲು ಸರಿಯಾದ ಮಾಸ್ಕು ಹಾಕಿ, ಮನೆಗೆ ಬಂದೊಡನೆ ಮುಖ ತೊಳೆದು ಸೀರೆ ಬದಲಿಸಿ.

ಪರೀಕ್ಷೆ ಎಲ್ಲಿ? ಕೊಳ್ಳೇಗಾಲದ ಸರ್ಕಾರಿ ಉಪವಿಭಾಗ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಮೊದಲು ಕೇಳಿ. ಹನೂರು ಕಡೆಯವರಿಗೂ ಅದೇ ಹತ್ತಿರ. ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಹೋಗಬಹುದು. ಕೇಳುವ ಶಕ್ತಿಯನ್ನು ಸರಿಯಾಗಿ ಅಳೆಯಲು ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ದೇಶದ ಮೂಲೆಮೂಲೆಯಿಂದ ಜನ ಬರುವ ಆ ಜಾಗ ನಿಮ್ಮೂರಿಂದ ಟಿ. ನರಸೀಪುರದ ಮೇಲೆ ಎರಡು ಗಂಟೆಯ ಬಸ್ಸಿನ ದಾರಿ. ಯಳಂದೂರಿನವರು ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವಿಚಾರಿಸಿ, ಆ ಸಂಸ್ಥೆಯವರು ಅಲ್ಲಿ ಹೊರಸೇವಾ ಕೇಂದ್ರ ತೆರೆದವರು. ಯಾವ ದಿನ ಇರುತ್ತಾರೆ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು ಹೋಗಿ, ಒಂದು ದಿನದ ಕೂಲಿ ಸುಮ್ಮನೆ ಹೋಗಬಾರದು.

ಪರೀಕ್ಷೆ ಎಂದರೆ ಸೂಜಿ, ಕತ್ತರಿ ಅಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಬೇರೆ ಬೇರೆ ಸ್ವರದ ಸಣ್ಣ ಸದ್ದು ಬರುತ್ತದೆ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು ಇಲ್ಲವೇ ಬೆರಳೆತ್ತಬೇಕು. ಆಮೇಲೆ ಕಿವಿಗೆ ಮೆತ್ತನೆಯ ಬಿರಡೆಯಂಥದ್ದನ್ನು ಇಟ್ಟು ಗಾಳಿಯ ಒತ್ತಡ ಬದಲಿಸಿ ತಮಟೆ ಹೇಗೆ ಅಲುಗುತ್ತದೆ ಎಂದು ಯಂತ್ರ ಗೆರೆ ಎಳೆಯುತ್ತದೆ. ಹಿಂದೆ ನೀರಿದೆಯೇ, ಗಾಳಿ ಕಡಿಮೆಯೇ ಎಂಬುದು ಆ ಗೆರೆಯಲ್ಲಿ ಕಾಣುತ್ತದೆ. ನಿಮ್ಮದು ಒಂದೇ ಕಿವಿ, ಮೂರು ತಿಂಗಳಿಗೂ ಹೆಚ್ಚಾಗಿದೆ. ಆದ್ದರಿಂದ ಮೂಗಿನ ಹಿಂಭಾಗವನ್ನೂ ಸಣ್ಣ ದುರ್ಬೀನು ಹಾಕಿ ನೋಡಿ ಎಂದು ವೈದ್ಯರನ್ನು ಕೇಳಿ. ದೊಡ್ಡವರಲ್ಲಿ ಒಂದೇ ಕಡೆ ಕಿವಿ ಬಹುಕಾಲ ಕಟ್ಟಿಕೊಂಡಿದ್ದರೆ ನಾಳದ ಬಾಯಿಗೆ ಏನೂ ಅಡ್ಡ ಬೆಳೆದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು ಪದ್ಧತಿ. ಹೆಚ್ಚಿನವರಲ್ಲಿ ಏನೂ ಇರುವುದಿಲ್ಲ, ಆದರೆ ನೋಡಿಸದೆ ಬಿಡಬಾರದು.

ಅಲ್ಲಿಯವರೆಗೆ ಕಿವಿಗೆ ಏನೂ ಹಾಕಬೇಡಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬೇಡ, ಹೇರ್‌ಪಿನ್ನು ಬೇಡ, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ತಿರುವುವುದು ಬೇಡ, ಜಾತ್ರೆಯಲ್ಲಿ ಗುಗ್ಗೆ ತೆಗೆಯುವವನ ಮುಂದೆ ಕೂರುವುದಂತೂ ಬೇಡವೇ ಬೇಡ. ಗುಗ್ಗೆ ಕೊಳೆಯಲ್ಲ, ಕಿವಿಯ ಕಾವಲಿಗೆ ದೇಹವೇ ಮಾಡಿಕೊಂಡದ್ದು. ಕೆದಕಿದಷ್ಟೂ ಅದು ಒಳಗೆ ಹೋಗುತ್ತದೆ. ಮೂಗು ಬಿಗಿಹಿಡಿದು ಜೋರಾಗಿ ಗಾಳಿ ಊದಬೇಡಿ. ಆಗಾಗ ಗುಟುಕು ನೀರು ಕುಡಿಯುವುದು, ಆಕಳಿಸುವುದು ಸಾಕು. ವೈದ್ಯರು ಮೂಗಿಗೆ ಸ್ಪ್ರೇ ಬರೆದರೆ ಎರಡು ದಿನಕ್ಕೇ ‘ಕೆಲಸ ಮಾಡಲಿಲ್ಲ’ ಎಂದು ಬಿಡಬೇಡಿ, ಅಲರ್ಜಿಯ ಸ್ಪ್ರೇಗೆ ವಾರಗಳೇ ಬೇಕು. ಮೂಗನ್ನು ತಟ್ಟನೆ ಬಿಡಿಸುವ ಡ್ರಾಪ್ಸು ಬೇರೆ. ಅಂಗಡಿಯಲ್ಲಿ ಕೇಳಿ ತಂದು ದಿನಗಟ್ಟಲೆ ಹಾಕಿಕೊಂಡರೆ ಅದೇ ಮೂಗು ಕಟ್ಟಿಸುತ್ತದೆ.

ಈಗ ಅತ್ತೆಯವರ ವಿಷಯ. ಸೊಸೆಗೆ ಅತ್ತೆಯ ಕಿವುಡು ರಕ್ತದಲ್ಲಿ ಬರುವುದಿಲ್ಲ, ಅದು ನಿಮಗೂ ಗೊತ್ತು. ನೀವು ಹೆದರಿರುವುದು ಅವರ ಕಾಯಿಲೆಗಲ್ಲ, ಅವರಿಗೆ ಮನೆಯಲ್ಲಿ ಉಳಿದಿದ್ದ ಜಾಗಕ್ಕೆ. ಮೂಲೆಯಲ್ಲಿ ಕೂತು ಎಲ್ಲರೂ ನಕ್ಕಾಗ ಯಾಕೆಂದು ತಿಳಿಯದೆ ತಾವೂ ನಗುತ್ತಿದ್ದವರ ಜಾಗ. ಅದಕ್ಕೇ ನೀವು ಕೇಳಿಸದಿದ್ದರೂ ‘ಹ್ಞೂಂ’ ಅನ್ನುತ್ತಿರಬಹುದು, ಫೋನನ್ನು ಎಡಗಿವಿಗೆ ಬದಲಿಸಿದ್ದನ್ನು ಯಾರಿಗೂ ಹೇಳದೆ ಇರಬಹುದು. ಹೀಗೆ ಮುಚ್ಚಿಟ್ಟಷ್ಟೂ ಮನೆಯವರಿಗೆ ನೀವು ಅಸಡ್ಡೆಯವರಾಗಿ ಕಾಣುತ್ತೀರಿ. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ನೇರವಾಗಿ ಹೇಳಿ: ‘ನನ್ನ ಬಲಗಿವಿ ಸರಿ ಕೇಳ್ತಿಲ್ಲ. ತೋರಿಸ್ತಾ ಇದೀನಿ. ಅಲ್ಲೀವರೆಗೂ ಎಡಗಡೆಯಿಂದ ಮಾತಾಡ್ಸಿ, ಮುಖ ನೋಡಿ ಹೇಳಿ, ಕೂಗೋದು ಬೇಡ.’ ಅತ್ತೆಯವರನ್ನು ಆಡಿಕೊಂಡದ್ದಕ್ಕೆ ಈಗ ಮನಸ್ಸು ಚುಚ್ಚುತ್ತಿದೆಯಲ್ಲ, ಅದು ನಿಮ್ಮ ಒಳ್ಳೆಯತನ. ಆದರೆ ಈ ಕಿವಿಯನ್ನು ಅದರ ಶಿಕ್ಷೆ ಎಂದು ತಿಳಿಯಬೇಡಿ. ನೆಗಡಿಗೆ ಯಾರ ಲೆಕ್ಕಾಚಾರವೂ ಗೊತ್ತಿಲ್ಲ.

ನಿದ್ದೆಯ ಬಗ್ಗೆ: ಸುತ್ತ ಸದ್ದಡಗಿದಾಗ ಗುಂಯ್ ಹೆಚ್ಚು ಕೇಳುತ್ತದೆ, ಕೇಳಿದಾಗ ಭಯ, ಭಯವಾದಾಗ ಇನ್ನೂ ಕಿವಿಗೊಡುತ್ತೀರಿ. ಫ್ಯಾನಿನ ಸದ್ದೋ, ಸಣ್ಣಗೆ ರೇಡಿಯೊವೋ ಇರಲಿ. ಕಿವಿ ಬಿಟ್ಟಿತೇ ಎಂದು ಗಳಿಗೆಗೊಮ್ಮೆ ಒತ್ತಿ ನೋಡುವ ಅಭ್ಯಾಸವಿದ್ದರೆ ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಮುಖ ತೊಳೆದ ಮೇಲೆ, ಎಂದು ಕಟ್ಟು ಹಾಕಿಕೊಳ್ಳಿ. ಎರಡು ವಾರದಲ್ಲೂ ನಿದ್ದೆ ಬಾರದೆ ಅಳು ಹೆಚ್ಚಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಓದುತ್ತಿರುವ ಉಳಿದವರಿಗೂ ಎರಡು ಮಾತು ಇವೆ. ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಏಳುವಾಗ ಕಟ್ಟಿಕೊಂಡು ಕೇಳದಂತಾಗಿದ್ದರೆ ಅದು ಗುಗ್ಗೆ ಎಂದು ಕಾಯಬೇಡಿ. ಬಾಯಿ ಮುಚ್ಚಿ ‘ಹ್ಞೂಂ’ ಎಂದು ಎಳೆದು ನೋಡಿ. ಸದ್ದು ಕಟ್ಟಿದ ಕಿವಿಯಲ್ಲೇ ಜೋರಾಗಿದ್ದರೆ ತೊಂದರೆ ಹೆಚ್ಚಾಗಿ ಗುಗ್ಗೆ, ಗಾಳಿ, ನೀರಿನದು. ಚೆನ್ನಾಗಿರುವ ಕಿವಿಯ ಕಡೆಗೇ ಹೋದರೆ ಒಳಗಿನ ನರದ ಮೇಲೆ ಅನುಮಾನ. ಇದು ಪರೀಕ್ಷೆಗೆ ಬದಲಿಯಲ್ಲ, ಯಾವ ಕಡೆ ಕೇಳಿದರೂ ಅವತ್ತೇ ತೋರಿಸಿ. ನರದ ತೊಂದರೆಗೆ ಮೊದಲ ಎರಡು ವಾರದೊಳಗೆ ಕೊಟ್ಟ ಔಷಧಕ್ಕೇ ಫಲ ಹೆಚ್ಚು. ತಲೆ ಗಿರ್ರನೆ ಸುತ್ತಿದರೆ, ಮುಖ ಸೊಟ್ಟಗಾದರೆ, ಜ್ವರದ ಜೊತೆ ಕೀವು ಬಂದರೆ, ಕಿವಿಯ ಹಿಂದೆ ಊದಿಕೊಂಡರೆ ಮನೆಮದ್ದಿಗೆ ಸಮಯವಿಲ್ಲ. ಮಗ್ಗದ ಶೆಡ್ಡಿನಲ್ಲಿ ದುಡಿಯುವವರಿಗೆ ಇನ್ನೊಂದು ಮಾತು. ಸಂಜೆ ಮನೆಗೆ ಬಂದಾಗ ಕಿವಿ ಮಂಕಾಗಿ ಬೆಳಿಗ್ಗೆ ಸರಿಹೋಗುತ್ತಿದ್ದರೆ ಖುಷಿಪಡಬೇಡಿ, ಸದ್ದು ಕಿವಿಯನ್ನು ತಿನ್ನುತ್ತಿದೆ ಎಂದರ್ಥ. ಕಿವಿಗೆ ಬಿರಡೆ ಹಾಕಿಕೊಳ್ಳಿ.

ಮಾತು ಕೇಳಿಸದೆ ‘ಏನಂದ್ರಿ?’ ಎನ್ನುವವರು ಮನೆಯಲ್ಲಿದ್ದರೆ ದಯವಿಟ್ಟು ‘ಏನಿಲ್ಲ ಬಿಡು’ ಅನ್ನಬೇಡಿ. ಹೇಳಿದ್ದನ್ನು ಇನ್ನೊಮ್ಮೆ ಹೇಳಿ.

ನೀವು ಮಾತ್ರ ಈ ವಾರವೇ ಹೊರಡಿ. ಹಳೆಯ ಚೀಟಿಗಳನ್ನೂ ಮಾತ್ರೆಯ ಹಾಳೆಗಳನ್ನೂ ಒಂದು ಕವರಿಗೆ ಹಾಕಿಕೊಳ್ಳಿ, ಗೀಟು ಹಾಕಿದ ಕ್ಯಾಲೆಂಡರಿನ ಹಾಳೆ ಎಷ್ಟು ತುಂಬಿದ್ದರೆ ಅಷ್ಟೇ ಇರಲಿ, ಗಂಡನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಿ. ವೈದ್ಯರು ಹೇಳುವುದು ನಿಮಗೆ ಅರ್ಧ ಕೇಳಿಸದೆ ಹೋದರೂ ಜೊತೆಗೆ ಬಂದವರಿಗೆ ಕೇಳಿಸುತ್ತದೆ. ವರದಿ ಬಂದ ಮೇಲೆ ಬರೆಯಿರಿ.