ದಿನ ಅವ್ವ ನೋಡಲಿ, ಗಾಡಿ ನೀವು ನೋಡಿ

ಪ್ರಶ್ನೆ: ಮೇಡಂ, ನನಗೆ ಇಪ್ಪತ್ತೊಂಬತ್ತು ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ. ಚೊಚ್ಚಲ ಹೆರಿಗೆಗೆಂದು ತವರಿಗೆ, ಧಾರವಾಡಕ್ಕೆ ಬಂದಿದ್ದೇನೆ. ಮಗನಿಗೆ ನಾಲ್ಕು ತಿಂಗಳು ತುಂಬಿ ಐದಕ್ಕೆ ಬಿದ್ದಿದೆ. ಹೆರಿಗೆಗೆ ಒಂದು ತಿಂಗಳು ಮುಂಚೆಯೇ ರಜೆ ಹಾಕಿದ್ದರಿಂದ ಇನ್ನೊಂದು ತಿಂಗಳಿಗೆ ಕೆಲಸಕ್ಕೆ ಹಾಜರಾಗಬೇಕು. ಅತ್ತೆಯವರು ನಮ್ಮ ಜೊತೆ ಬೆಂಗಳೂರಿನಲ್ಲೇ ಇರುತ್ತಾರೆ. ಮಗುವನ್ನು ಮನೆ ತುಂಬಿಸಿಕೊಳ್ಳುವ ಮೊದಲು ಕುಲದೇವತೆ ಬಾದಾಮಿ ಬನಶಂಕರಿಗೆ ಹೋಗಿ ಬರಲೇಬೇಕು ಅನ್ನುವುದು ಅವರ ಮಾತು. ನನ್ನ ಯಜಮಾನರು ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಅತ್ತೆಯವರ ಜೊತೆ ಕಾರಿನಲ್ಲಿ ಹೊರಟು ಬೆಳಿಗ್ಗೆ ಧಾರವಾಡಕ್ಕೆ ಬಂದು, ಶನಿವಾರ ಬನಶಂಕರಿ ಮುಗಿಸಿ, ‘ಹಾಗೇ ಅಲ್ಲಿಂದ ರಾತ್ರಿಯೇ ಬೆಂಗಳೂರಿಗೆ ಹೋಗಿಬಿಡೋಣ, ಮಗು ಮಲಗಿರುತ್ತೆ’ ಅನ್ನುತ್ತಾರೆ. ನಮ್ಮವ್ವ, ‘ಕೂಸಿನ್ನ ಕರಕೊಂಡು ತಿರುಗಾಡೂದು ಬ್ಯಾಡ, ಒಳ್ಳೆ ದಿನ ನೋಡಿ ಸೀದಾ ಮನಿಗೆ ಕಳಸ್ತೀನಿ’ ಅಂತಾಳೆ.

ಹೋದ ತಿಂಗಳು ಗದಗಿಗೆ ಒಂದು ಮದುವೆಗೆ ಬಸ್ಸಿನಲ್ಲಿ ಹೋಗಿದ್ದೆವು. ಬರುವಾಗ ಮಗ ದಾರಿಯುದ್ದಕ್ಕೂ ಕಿರುಚಿ ಅತ್ತ. ಹಿಂದಿನ ಸೀಟಿನ ಹೆಂಗಸು ‘ಹಾಲು ಸಾಲವಲ್ದು, ಅದಕ್ಕ’ ಅಂದರು. ಅವತ್ತಿನಿಂದ ಪ್ರಯಾಣ ಅಂದರೆ ಎದೆ ಝಲ್ಲೆನ್ನುತ್ತದೆ. ರಾತ್ರಿ ಮಗ ಮಲಗಿದ್ದರೂ ಎದ್ದೆದ್ದು ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುತ್ತೇನೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಧಾರವಾಡ

ಉತ್ತರ: ಯಾರ ಮಾತು ಕೇಳಲಿ ಎಂದು ಕೇಳಿದ್ದೀರಿ. ಪತ್ರವನ್ನು ಎರಡು ಸಲ ಓದಿದೆ. ಅತ್ತೆಯವರಿಗೆ ಏನು ಬೇಕು, ಅವ್ವನಿಗೆ ಏನು ಬೇಕು, ಯಜಮಾನರಿಗೆ ಏನು ಬೇಕು ಎಲ್ಲವೂ ಅದರಲ್ಲಿದೆ. ನಿಮಗೆ ಏನು ಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ. ದಾರಿಯಲ್ಲಿ ಎರಡೆರಡು ಗಂಟೆಗೊಮ್ಮೆ ಹಾಲು ಕೊಡಬೇಕಾದವರು ನೀವು. ಯಾವ ಗಾಡಿ, ಎಷ್ಟು ಹೊತ್ತು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸಬೇಕಾದವರೂ ನೀವೇ. ಇದರಲ್ಲಿ ಹಟವೇನೂ ಇಲ್ಲ, ಅಗೌರವವೂ ಇಲ್ಲ.

ನಾಲ್ಕು ತಿಂಗಳು ತುಂಬಿದ, ಚೆನ್ನಾಗಿ ಹಾಲು ಕುಡಿಯುವ, ತೂಕ ಏರುತ್ತಿರುವ ಮಗು ಪ್ರಯಾಣ ಮಾಡಬಹುದು. ತಾಯಿ ಕಾರ್ಡ್ ತೆಗೆದು ನೋಡಿ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳು ಆಗಿದ್ದರೆ ಸರ್ಕಾರಿ ಪಟ್ಟಿಯ ಪ್ರಕಾರ ಮುಂದಿನದು ಒಂಬತ್ತು ತಿಂಗಳಿಗೆ. ಯಾವುದಾದರೂ ಬಾಕಿ ಇದ್ದರೆ ಈ ವಾರವೇ ಹಾಕಿಸಿ, ಮೂರು–ನಾಲ್ಕು ದಿನ ಬಿಟ್ಟು ಹೊರಡಿ. ಚುಚ್ಚಿಸಿದ ಮರುದಿನ ಜ್ವರ, ಕಿರಿಕಿರಿ ಸಾಮಾನ್ಯ, ಅದನ್ನು ದಾರಿಯಲ್ಲಿ ಅನುಭವಿಸುವುದು ಯಾಕೆ?

ಇನ್ನು ಯಜಮಾನರ ಲೆಕ್ಕ. ಬೆಂಗಳೂರಿನಿಂದ ಧಾರವಾಡ ನಾನೂರ ಮೂವತ್ತು ಕಿಲೋಮೀಟರ್ ಹತ್ತಿರ. ಅಲ್ಲಿಂದ ಬಾದಾಮಿ ನೂರಿಪ್ಪತ್ತರ ಆಸುಪಾಸು. ಬಾದಾಮಿಯಿಂದ ಮತ್ತೆ ಬೆಂಗಳೂರು ನಾನೂರೈವತ್ತು. ಒಟ್ಟು ಸಾವಿರ ಕಿಲೋಮೀಟರ್. ವಾರವಿಡೀ ದುಡಿದು ಬಂದ ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ, ನಡುವೆ ಒಂದು ರಾತ್ರಿಯೂ ಸರಿಯಾಗಿ ಮಲಗದೆ ಓಡಿಸುವ ದೂರ ಇದು. ‘ರಾತ್ರಿ ಮಗು ಮಲಗಿರುತ್ತೆ’ ಅನ್ನುವುದು ನಿಜ. ಆದರೆ ರಾತ್ರಿ ಎರಡರಿಂದ ಐದರವರೆಗೆ ಮಲಗಬೇಕು ಅನ್ನಿಸುವುದು ಮಗುವಿಗೆ ಮಾತ್ರವಲ್ಲ, ಸ್ಟೇರಿಂಗ್ ಹಿಡಿದವರಿಗೂ ಹಾಗೇ ಅನ್ನಿಸುತ್ತದೆ. ಚಿತ್ರದುರ್ಗ, ಹಿರಿಯೂರು, ಶಿರಾ ದಾಟುವ ನೇರ ರಸ್ತೆ ಎಷ್ಟು ಚೆನ್ನಾಗಿದೆಯೋ ಅಷ್ಟೇ ತೂಕಡಿಕೆ ತರುವಂಥದ್ದು. ಚಹಾ, ಹಾಡು, ಕಿಟಕಿಯ ಗಾಳಿ ಯಾವುದೂ ನಿದ್ದೆಗೆ ಬದಲಿಯಲ್ಲ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಈ ಒಂದೇ ಸಂಗತಿ. ಮಗುವಿನ ಅಳುವಿಗೆ ಹೆದರುವ ಕಾರಣವಿಲ್ಲ, ಈ ಯೋಜನೆಗೆ ಹೆದರಬೇಕು. ಇದನ್ನು ಅವರಿಗೆ ಇಷ್ಟೇ ನೇರವಾಗಿ ಹೇಳಿ: ‘ರಾತ್ರಿ ಕಾರಿನಲ್ಲಿ ನಾನು ಬರುವುದಿಲ್ಲ.’

ಹಗಲಿನಲ್ಲಾದರೂ ಕಾರು ಅಂದರೆ ಮಗುವಿಗೆ ಅದರದೇ ಸೀಟು ಬೇಕು. ಹಿಂದಿನ ಸೀಟಿಗೆ ಬಿಗಿದು, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಬರುವಂತೆ ಕೂರಿಸುವಂಥದ್ದು. ನಮ್ಮಲ್ಲಿ ಅಜ್ಜಿಯ ತೊಡೆಗಿಂತ ಸುರಕ್ಷಿತ ಜಾಗವಿಲ್ಲ ಎಂಬ ನಂಬಿಕೆ ಇದೆ. ಮನೆಯ ಜಗಲಿಯಲ್ಲಿ ಅದು ಸರಿ, ಎಂಬತ್ತರ ವೇಗದಲ್ಲಿ ಬ್ರೇಕ್ ಬಿದ್ದರೆ ಯಾವ ಅಜ್ಜಿಯ ಕೈಯೂ ಮಗುವನ್ನು ಹಿಡಿದು ನಿಲ್ಲಿಸಲಾರದು. ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳುವುದಂತೂ ಬೇಡವೇ ಬೇಡ. ಏರ್‌ಬ್ಯಾಗ್ ಉಬ್ಬುವ ರಭಸ ಕೂಸಿಗೆ ಅಪಾಯ. ನಿಮ್ಮ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಕಟ್ಟಿಕೊಂಡರೆ ನಿಮ್ಮ ಭಾರವೇ ಅದನ್ನು ಜಜ್ಜುತ್ತದೆ. ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಹೊಸ ಸೀಟು ದುಬಾರಿ ಅನ್ನಿಸಿದರೆ ಪರಿಚಯದವರ ಹತ್ತಿರ ಕೇಳಿ, ಅಪಘಾತ ಕಾಣದ ಹಳೆಯದಾದರೂ ಸರಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ಮಗುವನ್ನು ಹೊರತೆಗೆದು, ಹಾಲು ಕೊಟ್ಟು, ಬೆನ್ನು ನೆಟ್ಟಗಾಗುವಂತೆ ಮಲಗಿಸಿ ಮುಂದೆ ಹೊರಡಬೇಕು. ಓಡುವ ಕಾರಿನಲ್ಲಿ ಸೀಟಿನಿಂದ ತೆಗೆದು ಹಾಲು ಕುಡಿಸಬಾರದು.

ಬನಶಂಕರಿಯ ವಿಷಯದಲ್ಲಿ ಅತ್ತೆಯವರ ಮನಸ್ಸು ನೋಯಿಸಬೇಕಿಲ್ಲ. ಆ ದರ್ಶನವನ್ನು ಬೆಂಗಳೂರಿನ ಪ್ರಯಾಣಕ್ಕೆ ಗಂಟು ಹಾಕಬೇಡಿ, ಅಷ್ಟೇ. ಅತ್ತೆಯವರು, ಯಜಮಾನರು ರೈಲಿನಲ್ಲಿ ಧಾರವಾಡಕ್ಕೆ ಬರಲಿ. ಒಂದು ದಿನ ಪೂರ್ತಿ ವಿಶ್ರಾಂತಿ. ಮರುದಿನ ಬೆಳಿಗ್ಗೆ ಬೇಗ ಎಣ್ಣೆನೀರು ಮುಗಿಸಿ ಬಾಡಿಗೆ ಕಾರಿನಲ್ಲಿ ಹೊರಟರೆ ಮೂರು ಗಂಟೆಯ ದಾರಿ, ನಡುವೆ ಒಂದು ನಿಲುಗಡೆ, ಬಿಸಿಲೇರುವ ಹೊತ್ತಿಗೆ ದರ್ಶನ ಮುಗಿದಿರುತ್ತದೆ. ಬಾಡಿಗೆ ಕಾರಾದರೂ ಮಗುವಿನ ಸೀಟು ನಿಮ್ಮದೇ ಇರಲಿ, ಬೆಂಗಳೂರಿನಿಂದ ಬರುವವರೇ ತರಬಹುದು. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಜನ ಜಾಸ್ತಿ, ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಂತೂ ಕೂಸಿನ ಜೊತೆ ಆ ಕಡೆ ಸುಳಿಯಬೇಡಿ. ಗುಡಿಯ ಎದುರು ಬುಟ್ಟಿ ಹಿಡಿದು ಕೂರುವ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಪಲ್ಯ, ಗಟ್ಟಿ ಮೊಸರು ಸಿಗುತ್ತದೆ. ಹಾಲೂಡುವ ತಾಯಿಗೆ ಹಸಿವು ಹೆಚ್ಚು, ಅದನ್ನು ಬಿಟ್ಟು ಬರಬೇಡಿ. ಹಣ್ಣುಕಾಯಿ ಮಾಡಿಸಿ, ಸಂಜೆಗೆ ಧಾರವಾಡಕ್ಕೆ ವಾಪಸ್.

ಅಷ್ಟೂ ಆಗುವುದಿಲ್ಲ ಅನ್ನಿಸಿದರೆ ಇನ್ನೊಂದು ದಾರಿ. ಹೇಗೂ ಜವಳ ತೆಗೆಸಬೇಕಲ್ಲ, ಒಂಬತ್ತಕ್ಕೋ ಹನ್ನೊಂದಕ್ಕೋ ವರ್ಷಕ್ಕೋ ನಿಮ್ಮ ಮನೆಯ ಪದ್ಧತಿ ಇದ್ದಂತೆ ಆಗಲೇ ಕುಲದೇವತೆಗೆ ಹೋಗುವುದು. ಅಷ್ಟು ಹೊತ್ತಿಗೆ ಮಗ ಕೂತು ಆಡುತ್ತಿರುತ್ತಾನೆ. ಈಗ ಮನೆಯಲ್ಲೇ ಮುಡಿಪು ಕಟ್ಟಿಡಿ ಎಂದು ನೀವೇ ಅತ್ತೆಯವರನ್ನು ಕೇಳಿಕೊಳ್ಳಿ. ಬೇಡ ಅನ್ನುವ ಸೊಸೆಗಿಂತ ಯಾವಾಗ ಹೋಗೋಣ ಎಂದು ಕೇಳುವ ಸೊಸೆಯ ಮಾತು ಬೇಗ ನಡೆಯುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಕಂಡಿದ್ದೇನೆ.

ಅವ್ವನ ಮಾತನ್ನೂ ತೆಗೆದುಹಾಕಬೇಡಿ. ಮಂಗಳವಾರ, ಶುಕ್ರವಾರ ಮಗಳನ್ನು ಕಳಿಸುವುದಿಲ್ಲ, ಅಮಾವಾಸ್ಯೆ ಬೇಡ ಅಂದರೆ ಒಪ್ಪಿಕೊಳ್ಳಿ, ಅದರಿಂದ ಯಾರಿಗೂ ನಷ್ಟವಿಲ್ಲ. ದಿನ ಅವ್ವ ನೋಡಲಿ, ಗಾಡಿ ನೀವು ನೋಡಿ. ಒಂದೇ ಒಂದು ಶರತ್ತು ಹಾಕಿ: ನೀವು ಕೆಲಸಕ್ಕೆ ಹಾಜರಾಗುವುದಕ್ಕೆ ಎರಡು ವಾರ ಮೊದಲಾದರೂ ಬೆಂಗಳೂರಿನಲ್ಲಿರಬೇಕು. ಹೊಸ ಮನೆ, ಹೊಸ ತೊಟ್ಟಿಲು, ಅತ್ತೆಯವರ ಕೈ ಎಲ್ಲಕ್ಕೂ ಮಗ ಹೊಂದಿಕೊಳ್ಳಲು, ಹಾಲು ಹಿಂಡಿಟ್ಟು ಕುಡಿಸುವುದನ್ನು ಅತ್ತೆಯವರಿಗೆ ರೂಢಿ ಮಾಡಿಸಲು ಅಷ್ಟು ಸಮಯ ಬೇಕು. ರಜೆಯ ಕೊನೆಯ ಭಾನುವಾರ ಬಂದಿಳಿದು ಸೋಮವಾರ ಆಫೀಸಿಗೆ ಓಡಿದವರು ಪಟ್ಟ ಪಾಡು ನಿಮಗೆ ಬೇಡ.

ಬೆಂಗಳೂರಿಗೆ ಹಗಲಿನ ರೈಲು ನನ್ನ ಆಯ್ಕೆ. 2023ರ ಜೂನ್‌ನಿಂದ ವಂದೇ ಭಾರತ್ ಓಡುತ್ತಿದೆ, ಆರೂವರೆ–ಏಳು ಗಂಟೆಯ ಪ್ರಯಾಣ. ಜನಶತಾಬ್ದಿಯೂ ಇದೆ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಸೀಟು ಬೇಡವಾದರೆ ಟಿಕೆಟ್ ಇಲ್ಲ. ಆದರೂ ನೀವು ಮತ್ತು ಯಜಮಾನರು ಅಕ್ಕಪಕ್ಕ ಇರುವಂತೆ, ನಿಮಗೆ ಕಿಟಕಿ ಬರುವಂತೆ ನೋಡಿ. ಕಿಟಕಿಯ ಕಡೆ ತಿರುಗಿ, ಮುಂದೆ ಗುಂಡಿ ಇರುವ ಕುರ್ತಾ, ಮೇಲೊಂದು ಹತ್ತಿಯ ದುಪಟ್ಟಾ ಇದ್ದರೆ ಹಾಲು ಕೊಡುವುದು ನೀವಂದುಕೊಂಡಷ್ಟು ಕಷ್ಟವಲ್ಲ. ಯಜಮಾನರು ಪಕ್ಕದಲ್ಲಿ ಕೂತು ಮೊಬೈಲ್ ನೋಡುವ ಬದಲು ದುಪಟ್ಟಾದ ತುದಿ ಹಿಡಿಯಲಿ. ದೊಡ್ಡ ಸೂಟ್‌ಕೇಸ್ ಮೇಲೆ ಹೋಗಲಿ, ಕೈಯಲ್ಲಿ ಒಂದೇ ಚೀಲ. ಅದರಲ್ಲಿ ಗಂಟೆಗೊಂದರ ಲೆಕ್ಕಕ್ಕೆ ಡೈಪರ್ ಅಥವಾ ಲಂಗೋಟಿ, ಎರಡು ಜೊತೆ ಬಟ್ಟೆ, ನಿಮಗೂ ಒಂದು ಕುರ್ತಾ (ಮಗು ಕಕ್ಕುವುದು ತನ್ನ ಮೇಲಲ್ಲ, ನಿಮ್ಮ ಮೇಲೆ), ಹಾಸಲು ರಬ್ಬರ್ ಶೀಟು, ಕೊಳಕಾದದ್ದನ್ನು ಕಟ್ಟಿಡಲು ಕವರು, ತಾಯಿ ಕಾರ್ಡ್, ಥರ್ಮಾಮೀಟರ್. ರೈಲಿನ ಶೌಚಾಲಯದಲ್ಲಿ ಡೈಪರ್ ಬದಲಿಸುವ ಸಾಹಸ ಬೇಡ, ಸೀಟಿನ ಮೇಲೇ ಶೀಟು ಹಾಸಿ ಮುಗಿಸಿ. ಯಾರಾದರೂ ಮೂಗು ಮುರಿದರೆ ಮುರಿಯಲಿ.

ದಾರಿಯಲ್ಲಿ ಬಾಯಿ ಒಣಗುತ್ತದೆ, ಎರಡು ಗುಟುಕು ನೀರು ಹಾಕು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆರು ತಿಂಗಳು ತುಂಬುವವರೆಗೆ ಎದೆಹಾಲಲ್ಲದೆ ನೀರೂ ಬೇಡ, ಬೇಸಿಗೆಯಲ್ಲೂ ಬೇಡ. ಜೇನು ನೆಕ್ಕಿಸುವುದು ವರ್ಷ ತುಂಬುವವರೆಗೂ ಇಲ್ಲ. ನೀರು ಕುಡಿಯಬೇಕಾದವರು ನೀವು. ಇನ್ನು ಕುಂಚಿಗೆ, ಸ್ವೆಟರ್, ಕಾಲುಚೀಲ. ಬಾಣಂತನದ ಕೋಣೆಯಲ್ಲಿ ರೂಢಿಯಾದ ಬಟ್ಟೆಯನ್ನೇ ಪ್ರಯಾಣದಲ್ಲೂ ಹೇರುತ್ತಾರೆ. ಮಗುವಿನ ಕತ್ತಿನ ಹಿಂದೆ ಎರಡು ಬೆರಳಿಟ್ಟು ನೋಡಿ: ಬೆಚ್ಚಗೆ ಒಣಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೈಕಾಲು ತಣ್ಣಗಿರುವುದನ್ನು ಚಳಿ ಎಂದುಕೊಳ್ಳಬೇಡಿ, ಈ ವಯಸ್ಸಿನಲ್ಲಿ ಅದು ಸಹಜ.

ಗದಗಿನ ಮದುವೆಗೆ ಬರೋಣ. ಮಗ ಅತ್ತದ್ದಕ್ಕೆ ಬಸ್ಸು ಕಾರಣವಲ್ಲ, ನಿಮ್ಮ ಹಾಲಂತೂ ಅಲ್ಲವೇ ಅಲ್ಲ. ಮೂರು ತಿಂಗಳ ಕೂಸು ಒಂದೂವರೆ ಗಂಟೆ ಎಚ್ಚರವಿದ್ದರೆ ದಣಿಯುತ್ತದೆ. ಮದುವೆ ಮನೆಯಲ್ಲಿ ವಾಲಗ, ಮೈಕು, ಎತ್ತಿಕೊಳ್ಳುವವರ ಸಾಲು, ಕೆನ್ನೆ ಹಿಂಡುವವರ ಸಾಲು. ಸರಿಯಾಗಿ ನಿದ್ದೆಯಿಲ್ಲದೆ ಬಂದ ಮಗು ಬಸ್ಸಿನಲ್ಲಿ ಅತ್ತೇ ಅಳುತ್ತದೆ. ಹಾಲು ಸಾಲುತ್ತಿದೆಯೋ ಇಲ್ಲವೋ ಹೇಳಬೇಕಾದದ್ದು ಹಿಂದಿನ ಸೀಟಿನವರಲ್ಲ, ದಿನಕ್ಕೆ ಆರಕ್ಕಿಂತ ಹೆಚ್ಚು ಬಾರಿ ಒದ್ದೆಯಾಗುವ ಬಟ್ಟೆ ಮತ್ತು ತೂಕದ ಯಂತ್ರ. ಮುಂದೆ ಯಾವ ಸಮಾರಂಭಕ್ಕೆ ಹೋದರೂ ಒಂದು ಕೋಣೆ ಕೇಳಿ, ಮಗುವಿನ ನಿದ್ದೆಯ ಹೊತ್ತಿಗೆ ಬಾಗಿಲು ಹಾಕಿಕೊಳ್ಳಿ. ಶೀತ, ಕೆಮ್ಮು ಇದ್ದವರು ಎತ್ತಿಕೊಳ್ಳಲು ಬಂದರೆ ‘ಡಾಕ್ಟರು ಬ್ಯಾಡ ಅಂದಾರ’ ಅಂದರಾಯಿತು, ಯಾವ ಡಾಕ್ಟರೂ ನಿಮ್ಮನ್ನು ಸುಳ್ಳುಗಾರ್ತಿ ಅನ್ನುವುದಿಲ್ಲ. ಬೋಗಿಯಲ್ಲಿ ಮಗು ಅತ್ತರೆ ನಾಚಿಕೊಳ್ಳಬೇಕಿಲ್ಲ. ಇಯರ್‌ಫೋನ್ ಇಲ್ಲದೆ ಹುಬ್ಬಳ್ಳಿಯಿಂದ ಯಶವಂತಪುರದವರೆಗೆ ರೀಲ್ಸ್ ನೋಡುವವರೇ ನಾಚುತ್ತಿಲ್ಲ!

ಕೊನೆಗೆ, ನೀವು ಎರಡು ಸಾಲಿನಲ್ಲಿ ಹೇಳಿ ಮುಗಿಸಿದ ವಿಷಯ. ಮಲಗಿದ ಮಗುವಿನ ಉಸಿರು ನೋಡುವುದು ಹೊಸ ತಾಯಂದಿರಲ್ಲಿ ಸಾಮಾನ್ಯ, ಅದೊಂದಕ್ಕೇ ಗಾಬರಿಯಾಗಬೇಡಿ. ಆದರೆ ಮಗು ಮಲಗಿದಾಗಲೂ ನಿಮಗೆ ನಿದ್ದೆ ಬಾರದಿದ್ದರೆ, ಎದೆ ಬಡಿತ, ಅಳು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದ್ದರೆ ಅದನ್ನು ಪ್ರಯಾಣದ ಭಯವೆಂದು ತಳ್ಳಿಹಾಕಬಾರದು. ಹೆರಿಗೆಯ ನಂತರದ ಖಿನ್ನತೆ, ಆತಂಕ ಎರಡೂ ಚಿಕಿತ್ಸೆಯಿಂದ ವಾಸಿಯಾಗುತ್ತವೆ, ಹಾಲೂಡುತ್ತಿರುವಾಗಲೂ ತೆಗೆದುಕೊಳ್ಳಬಹುದಾದ ಔಷಧಗಳಿವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದಲ್ಲೇ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವೇ ಉಂಟು. ನಿಮಗೆ ಅಥವಾ ಮಗುವಿಗೆ ಏನಾದರೂ ಮಾಡಿಕೊಂಡುಬಿಡುತ್ತೇನೋ ಎಂಬ ಯೋಚನೆ ಸುಳಿದರೆ ಒಂದು ಗಂಟೆಯೂ ಕಾಯದೆ ಅವ್ವನನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಿ.

ಈ ಪುಟವನ್ನು ನಿಮ್ಮ ಯಜಮಾನರಿಗೂ ಓದಲು ಕೊಡಿ. ಅತ್ತೆಯವರ ಹತ್ತಿರ ಮಾತಾಡುವ ಕೆಲಸ ಅವರದು, ಸೊಸೆಯ ಬಾಯಲ್ಲಿ ನಿಷ್ಠುರವಾಗುವ ಮಾತು ಮಗನ ಬಾಯಲ್ಲಿ ಸಲೀಸಾಗಿ ಮುಗಿಯುತ್ತದೆ. ರೈಲು ಟಿಕೆಟ್‌ಗಳ ಬುಕಿಂಗ್ 60 ದಿನ ಮುಂಚೆಯೇ ಶುರುವಾಗುತ್ತದೆ, ಹಾಗಾಗಿ ನೀವು ಹೊರಡಬೇಕಾದ ವಾರದ ಸೀಟುಗಳು ಆಗಲೇ ತುಂಬುತ್ತಿರುತ್ತವೆ. ಅವ್ವನ ಹತ್ತಿರ ದಿನ ಕೇಳಿ, ಇವತ್ತೇ ಬುಕ್ ಮಾಡಿ.