ಬಿಸಿಲಿನಲ್ಲಿ ಕೆಡುವ ಮಳೆಯ ಸಾಧನ

ಏಪ್ರಿಲ್ ತಿಂಗಳ ಒಂದು ಸಂಜೆ. ಬೆಂಗಳೂರಿನ ಉತ್ತರ ಭಾಗದ ಕೊಡಿಗೇಹಳ್ಳಿಯಲ್ಲಿ ಹಗಲೆಲ್ಲ ಸುಡುತ್ತಿದ್ದ ಬಿಸಿಲು ಮರೆಯಾಗಿ, ಗುಡುಗು ಮಿಂಚುಗಳೊಡನೆ ವರ್ಷದ ಮೊದಲ ದೊಡ್ಡ ಮಳೆ ಇಳಿಯುತ್ತದೆ. ಪಕ್ಕದ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕಡೆಗೂ ದೇವನಹಳ್ಳಿಯ ವಿಮಾನ ನಿಲ್ದಾಣದ ಕಡೆಗೂ ಕಾರುಗಳ ಸಾಲು. ಚಾಲಕನು ನಾಲ್ಕು ತಿಂಗಳಿಂದ ಮುಟ್ಟದ ವೈಪರನ್ನು ಚಾಲನೆ ಮಾಡುತ್ತಾನೆ. ಅದರ ಅಲಗು ಕಿರುಗುಟ್ಟುತ್ತ ಸರಿಯುತ್ತದೆ. ಗಾಜು ತಿಳಿಯಾಗುವ ಬದಲು ಅದರ ಮೇಲೆ ಕೆಸರಿನ ಕಮಾನೊಂದು ಮೂಡುತ್ತದೆ. ಎದುರು ಬದಿಯ ದೀಪಗಳ ಬೆಳಕು ಆ ಕಮಾನಿನಲ್ಲಿ ಚೆದರಿ ಕಣ್ಣು ಕುಕ್ಕುತ್ತದೆ. ರಸ್ತೆ ದಾಟಲು ಅಂಚಿನಲ್ಲಿ ನಿಂತವನು ಕಾಣಿಸುವುದಿಲ್ಲ.

ಹೋದ ಮಳೆಗಾಲದಲ್ಲಿ ಚೆನ್ನಾಗಿಯೇ ಇದ್ದ ವೈಪರ್ ಈಗೇಕೆ ಹೀಗಾಯಿತು? ಅದು ದುಡಿಯುವುದು ಮಳೆಯಲ್ಲಿ, ಕೆಡುವುದು ಬಿಸಿಲಿನಲ್ಲಿ. ಈ ಒಂದು ಮಾತನ್ನು ತಿಳಿದರೆ ಒಳ್ಳೆಯ ಅಲಗನ್ನು ಆರಿಸುವುದೂ ಅದನ್ನು ಕಾಪಾಡುವುದೂ ಸುಲಭವಾಗುತ್ತದೆ. ಹೇಗೆಂಬುದನ್ನು ವಿಚಾರ ಮಾಡೋಣ.

ಮೊದಲು ಈ ಸಾಧನದ ಹುಟ್ಟು. ಅಮೆರಿಕದ ಅಲಬಾಮ ಪ್ರಾಂತದ ಮೇರಿ ಆಂಡರ್ಸನ್ ಎಂಬ ಮಹಿಳೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಬೀಳುತ್ತಿರಲು ಟ್ರಾಮಿನ ಚಾಲಕನು ಮುಂದಿನ ದಾರಿ ಕಾಣದೆ ಪಡುತ್ತಿದ್ದ ಪಾಡನ್ನು ಕಂಡರು. ಒಳಗೆ ಕುಳಿತೇ ಸನ್ನೆಯೊಂದನ್ನು ಎಳೆದು ಹೊರಗಿನ ಗಾಜನ್ನು ಒರಸುವ ಉಪಾಯವನ್ನು ಯೋಚಿಸಿ, ೧೯೦೩ರ ನವೆಂಬರ್ ೧೦ರಂದು ಅದಕ್ಕೆ ಪೇಟೆಂಟ್ ಪಡೆದರು. ಕೈಯ ಸ್ಥಾನಕ್ಕೆ ಮುಂದೆ ವಿದ್ಯುತ್ ಮೋಟಾರು ಬಂದಿತು. ಆದರೆ ಗಾಜನ್ನು ಮುಟ್ಟುವುದು ಅಂದಿನಂತೆ ಇಂದಿಗೂ ರಬ್ಬರಿನ ಒಂದು ಅಂಚೇ.

ಆ ಅಂಚು ಮಾಡುವ ಕೆಲಸವೇನು? ನೀರನ್ನೆಲ್ಲ ತೆಗೆದುಹಾಕುವುದು ಎಂದು ಹಲವರು ತಿಳಿದಿರುವರು. ಅದು ಪೂರ್ತಿ ಸರಿಯಲ್ಲ. ಗಾಜಿನ ಮೇಲಿನ ಒಂದೊಂದು ಹನಿಯೂ ಪುಟ್ಟ ಮಸೂರದಂತೆ ಬೆಳಕನ್ನು ಬಾಗಿಸುತ್ತದೆ. ಅಂಥ ಸಾವಿರಾರು ಮಸೂರಗಳ ಮೂಲಕ ನೋಡಿದಾಗ ರಸ್ತೆ ಒಡೆದುಹೋದಂತೆ ಕಾಣುತ್ತದೆ. ಅಲಗು ಹನಿಗಳನ್ನು ತಳ್ಳಿ, ಕೂದಲೆಳೆಗಿಂತ ಬಹು ತೆಳುವಾದ, ಸಮನಾದ ನೀರಿನ ಪದರವೊಂದನ್ನು ಹಿಂದೆ ಬಿಡುತ್ತದೆ. ಸಮನಾದ ಪದರವು ನೋಟವನ್ನು ಕೆಡಿಸದು. ಜೊತೆಗೆ ನೀರೇ ರಬ್ಬರಿಗೂ ಗಾಜಿಗೂ ನಡುವೆ ಎಣ್ಣೆಯಂತೆ ಘರ್ಷಣೆಯನ್ನು ತಗ್ಗಿಸುತ್ತದೆ.

ಇದಕ್ಕಾಗಿ ರಬ್ಬರಿನ ಅಂಚು ಎರಡು ಗುಣಗಳನ್ನು ಪಡೆದಿರಬೇಕು: ಚೂಪು ಮತ್ತು ಬಳುಕು. ಅಲಗು ಬಲಕ್ಕೆ ಹೋಗುವಾಗ ಅಂಚು ಎಡಕ್ಕೆ ಬಾಗಿ ಅದರ ಹಿಂದೆ ಎಳೆದುಕೊಂಡು ಬರುತ್ತದೆ. ತಿರುಗಿ ಬರುವಾಗ ಮಗುಚಿ ಬಲಕ್ಕೆ ಬಾಗುತ್ತದೆ. ರಬ್ಬರು ಗಡುಸಾದರೆ ಹೀಗೆ ಮಗುಚಲಾರದು. ಗಾಜಿಗೆ ಅಂಟಿ, ಬಿಟ್ಟು, ಮತ್ತೆ ಅಂಟಿ ನೆಗೆಯುತ್ತದೆ. ಕಿರುಗುಟ್ಟುವ ಸದ್ದು ಹುಟ್ಟುವುದು ಹೀಗೆ.

ರಬ್ಬರು ಗಡುಸಾಗುವುದೇಕೆ? ಸ್ವಾಭಾವಿಕ ರಬ್ಬರಿನ ಅಣುಗಳು ಇಂಗಾಲದ ಉದ್ದವಾದ ಸರಪಳಿಗಳು. ಅವುಗಳಲ್ಲಿ ಅಲ್ಲಲ್ಲಿ ಜೋಡಿ ಬಂಧಗಳಿವೆ. ೧೮೩೯ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಹಿಡಿದಂತೆ ಗಂಧಕ ಬೆರೆಸಿ ಕಾಯಿಸಿದರೆ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರಿಗೆ ಬಲ ಬರುತ್ತದೆ; ಆದರೂ ಬಹಳಷ್ಟು ಜೋಡಿ ಬಂಧಗಳು ಉಳಿದೇ ಇರುತ್ತವೆ. ಓಜೋನ್ ಅನಿಲವು ಇವನ್ನು ಕಡಿದುಹಾಕುತ್ತದೆ. ನೆಲಮಟ್ಟದ ಓಜೋನ್ ಹುಟ್ಟುವುದು ಹೇಗೆ? ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳು ಮತ್ತು ಇಂಧನದ ಆವಿಗಳ ಮೇಲೆ ಬಿಸಿಲು ಬಿದ್ದಾಗ! ಕಾರುಗಳೇ ತಮ್ಮ ವೈಪರನ್ನು ಸವೆಸುವ ವಿಷವನ್ನು ತಯಾರಿಸಿಕೊಳ್ಳುತ್ತವೆ ಎಂದರೆ ತಪ್ಪಾಗದು. ಇದರ ಮೇಲೆ ಸೂರ್ಯನ ನೇರಳಾತೀತ ಕಿರಣಗಳೂ ಕಾದ ಗಾಜಿನ ಶಾಖವೂ ಸೇರುತ್ತವೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಬೆಂಗಳೂರಿನಲ್ಲಿ ಮಳೆ ಅತ್ಯಲ್ಪ. ಅಷ್ಟು ಕಾಲವೂ ಅಲಗು ಒಂದೇ ಮಗ್ಗುಲಿಗೆ ಬಾಗಿ, ಬಿಸಿಲಿನಲ್ಲಿ ಬಿದ್ದಿರುತ್ತದೆ.

ಇದನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಎರಡು ರಬ್ಬರ್ ಬ್ಯಾಂಡುಗಳನ್ನು ತೆಗೆದುಕೊಳ್ಳಿರಿ. ಒಂದನ್ನು ಮರದ ತುಂಡಿನ ಮೇಲೆ ಎಳೆದು ಬಿಗಿದು ಮಾಳಿಗೆಯ ಬಿಸಿಲಿನಲ್ಲಿಡಿರಿ. ಇನ್ನೊಂದನ್ನು ಎಳೆಯದೆ ಮುಚ್ಚಿದ ಡಬ್ಬಿಯಲ್ಲಿಡಿರಿ. ಕೆಲವು ವಾರಗಳಾದ ಮೇಲೆ ಭೂತಗನ್ನಡಿಯಿಂದ ನೋಡಿರಿ. ಮೊದಲನೆಯದರಲ್ಲಿ ಎಳೆತಕ್ಕೆ ಅಡ್ಡಲಾಗಿ ಬಿರುಕುಗಳು ಕಾಣುತ್ತವೆ. ಹಳೆಯ ವೈಪರಿನ ಅಂಚಿನಲ್ಲಿ ನಡೆಯುವುದೂ ಇದೇ.

ಎರಡನೆಯ ಶತ್ರು ಧೂಳು. ನಮ್ಮ ಸುತ್ತಿನ ಮಣ್ಣು ಹಳೆಯ ನೈಸ್ ಶಿಲೆ ಸವೆದು ಆದದ್ದು. ಅದರಲ್ಲಿ ಬೆಣಚುಕಲ್ಲಿನ ಕಣಗಳು ಹೇರಳ. ಬೆಣಚು ಗಾಜಿಗಿಂತ ಗಡುಸು. ಒಣ ಗಾಜಿನ ಮೇಲೆ ವೈಪರನ್ನು ಓಡಿಸಿದರೆ ಅದು ಗಾಜನ್ನು ಒರಸುವುದಿಲ್ಲ, ಗೀರುತ್ತದೆ. ಅಲಗನ್ನು ಬದಲಿಸಬಹುದು, ಗೀರು ಬಿದ್ದ ಗಾಜಿಗೆ ಯಾವ ಹೊಸ ಅಲಗೂ ಮದ್ದಲ್ಲ.

ಇನ್ನು ಆಯ್ಕೆ. ಅಲಗಿನ ಉದ್ದವನ್ನು ಕಾರಿನ ಕೈಪಿಡಿಯಲ್ಲಿ ನೋಡಬೇಕು. ಹಲವು ಕಾರುಗಳಲ್ಲಿ ಎಡಬಲದ ಅಲಗುಗಳ ಉದ್ದ ಬೇರೆ ಬೇರೆ. ಹೆಚ್ಚು ಉದ್ದವಾದುದನ್ನು ಹಾಕಿದರೆ ಒಂದಕ್ಕೊಂದು ತಗುಲುವುದಲ್ಲದೆ, ತೋಳಿನ ಸ್ಪ್ರಿಂಗಿನ ಒತ್ತಡ ಹಂಚಿಹೋಗಿ ಒರಸುವ ಬಲವೂ ತಗ್ಗುತ್ತದೆ. ತೋಳಿಗೆ ಸಿಕ್ಕಿಸುವ ಕೊಂಡಿಯೂ ಹೊಂದಬೇಕು. ಕಬ್ಬಿಣದ ಚೌಕಟ್ಟಿನ ಅಲಗು ಅಗ್ಗ. ಕೆಲವದರಲ್ಲಿ ರಬ್ಬರಿನ ಪಟ್ಟಿಯನ್ನು ಮಾತ್ರ ಬದಲಿಸಬಹುದು. ಚೌಕಟ್ಟಿಲ್ಲದ ಚಪ್ಪಟೆ ಅಲಗಿನೊಳಗೆ ಬಾಗಿದ ಉಕ್ಕಿನ ಪಟ್ಟಿಯಿದ್ದು, ಉದ್ದಕ್ಕೂ ಸಮನಾಗಿ ಒತ್ತುತ್ತದೆ. ಧೂಳು ಸಿಕ್ಕಿಕೊಳ್ಳುವ ಕೀಲುಗಳು ಅದರಲ್ಲಿಲ್ಲ. ಸಿಲಿಕೋನ್ ಅಲಗಿನ ಬೆನ್ನೆಲುಬು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಅದರಲ್ಲಿ ಓಜೋನ್ ಕಡಿಯುವ ಜೋಡಿ ಬಂಧಗಳಿಲ್ಲ. ಬೆಲೆ ಹೆಚ್ಚಾದರೂ ದಿನವೆಲ್ಲ ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಅದು ತಕ್ಕುದು.

ದೋಷವನ್ನು ಗುರುತಿಸುವುದು ಹೀಗೆ. ತೆಳುವಾದ ಗೆರೆಗಳು ಉಳಿದರೆ ಅಂಚಿನಲ್ಲಿ ಕೊಳೆ ಅಥವಾ ಬಿರುಕು. ಅಗಲವಾದ ಪಟ್ಟಿ ಒರಸದೆ ಉಳಿದರೆ ಅಲ್ಲಿ ಒತ್ತಡವಿಲ್ಲ, ಚೌಕಟ್ಟು ಬಾಗಿರಬಹುದು. ಮಂಜಿನಂತೆ ಮಸುಕಾದರೆ ಗಾಜಿನ ಮೇಲೆ ಎಣ್ಣೆಯ ಜಿಡ್ಡು. ಅಲಗು ನೆಗೆದರೆ ಜಿಡ್ಡು, ಗಡುಸಾದ ರಬ್ಬರು, ಅಥವಾ ತಿರುಚಿದ ತೋಳು.

ರಕ್ಷಣೆಗೆ ಹಣ ಬೇಕಿಲ್ಲ. ವಾರಕ್ಕೊಮ್ಮೆ ಗಾಜಿನ ಧೂಳನ್ನು ನೀರಿನಿಂದ ತೊಳೆದು, ಅಲಗಿನ ಅಂಚನ್ನು ಸಾಬೂನು ನೀರಿನ ಬಟ್ಟೆಯಿಂದ ಒರಸಿದರೆ ಸಾಕು. ಪೆಟ್ರೋಲ್, ಸೀಮೆಎಣ್ಣೆ ತಗುಲಿಸಬಾರದು. ಅವು ರಬ್ಬರನ್ನು ಉಬ್ಬಿಸುತ್ತವೆ. ಗಾಜು ತೊಳೆಯುವ ತೊಟ್ಟಿಗೆ ಬೋರ್‌ವೆಲ್ಲಿನ ಗಡಸು ನೀರು ಬೇಡ. ಅದು ಆರಿದಾಗ ಸುಣ್ಣದ ಬಿಳಿಯ ಕಲೆಗಳು ಉಳಿಯುತ್ತವೆ, ಸಣ್ಣ ರಂಧ್ರಗಳು ಕಟ್ಟುತ್ತವೆ. ಸಾಧ್ಯವಾದಲ್ಲಿ ನೆರಳಿನಲ್ಲಿ ನಿಲ್ಲಿಸಬೇಕು.

ನೆನಪಿಗೆ ಎರಡು ದಿನಗಳನ್ನು ಇಟ್ಟುಕೊಳ್ಳೋಣ. ಆಯುಧಪೂಜೆಯ ದಿನ ನಾವು ವಾಹನವನ್ನು ತೊಳೆಯುವೆವು. ಆಗ ವೈಪರಿನ ಅಂಚನ್ನೂ ತೊಳೆಯೋಣ, ಗಾಜಿಗೆ ತಗುಲಿದ ಗಂಧ ಕುಂಕುಮಗಳನ್ನು ಪೂಜೆಯಾದ ಮೇಲೆ ಒದ್ದೆ ಬಟ್ಟೆಯಿಂದ ತೆಗೆಯೋಣ. ಯುಗಾದಿಯ ಹೊತ್ತಿಗೆ ಗಾಜಿಗೆ ನೀರು ಚಿಮುಕಿಸಿ ಪರೀಕ್ಷಿಸಿ, ಗೆರೆ ಉಳಿದರೆ ಅಲಗನ್ನು ಬದಲಿಸೋಣ. ಭರಣಿಯ ಮಳೆ ಬರುವ ಮುನ್ನ ಈ ಕೆಲಸ ಮುಗಿದಿರಬೇಕು.

ಇಷ್ಟು ಸಣ್ಣ ವಸ್ತುವಿಗೆ ಇಷ್ಟು ಎಚ್ಚರವೇಕೆ? ಲೆಕ್ಕ ನೋಡಿರಿ. ಗಂಟೆಗೆ ೬೦ ಕಿಲೋಮೀಟರು ವೇಗದ ಕಾರು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುತ್ತದೆ. ವೈಪರ್ ನಿಮಿಷಕ್ಕೆ ೪೫ ಬಾರಿ ಹೋಗಿ ಬಂದರೆ, ಒಂದು ಸಲ ಹೋಗಿ ಬರುವಷ್ಟರಲ್ಲಿ ಕಾರು ೨೨ ಮೀಟರು ದಾಟಿರುತ್ತದೆ. ಅಲಗು ಕೆಟ್ಟಿದ್ದರೆ ಆ ೨೨ ಮೀಟರೂ, ಅದರ ಮುಂದಿನ ೨೨ ಮೀಟರೂ ಮಸುಕಿನಲ್ಲಿಯೇ ಕಳೆಯುತ್ತವೆ. ಮಳೆಯಲ್ಲಿ ಕೊಡೆ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿರುವವನ ಪ್ರಾಣವು ಆ ರಬ್ಬರಿನ ಅಂಚನ್ನು ನೆಚ್ಚಿರುತ್ತದೆ.